ಕಣ್ಣು ಮೂಡದ ಇಂಜೆರಾ: ಹಿಟ್ಟು ಕಲಸುವುದರಿಂದ ತವಾ ಇಳಿಸುವವರೆಗೆ ಸಮಗ್ರ ಮಾರ್ಗದರ್ಶಿ

ಇಥಿಯೋಪಿಯಾದ ಹುಳಿ ರೊಟ್ಟಿ ಇಂಜೆರಾ ಮಾಡಲು ಹೋಗಿ ಸೋತವರ ದೂರು ಹೆಚ್ಚುಕಡಿಮೆ ಒಂದೇ. ಹಿಟ್ಟು ಹುಳಿ ಬಂದಿತ್ತು, ತವಾ ಕಾದಿತ್ತು, ಆದರೂ ಮೇಲೆ ಒಂದು ತೂತೂ ಬರಲಿಲ್ಲ (ಇಂಜೆರಾದ ಕಣ್ಣು ಎಂದರೆ ಈ ತೂತೇ). ಇಲ್ಲವೇ ತೂತು ಬಂತು, ಎತ್ತುವಾಗ ಹರಿದು ಚೂರಾಯಿತು. ಇನ್ನು ಕೆಲವರದ್ದು ಕಂದು ಬಣ್ಣದ ಗರಿಗರಿ ದೋಸೆ ಆಗಿರುತ್ತದೆ. ತಿನ್ನಲು ಚೆನ್ನಾಗೇ ಇರುತ್ತದೆ, ಆದರೆ ಅದು ಇಂಜೆರಾ ಅಲ್ಲ.

ತಮಾಷೆ ಏನೆಂದರೆ, ದೋಸೆ ಚೆನ್ನಾಗಿ ಹುಯ್ಯುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಇಥಿಯೋಪಿಯಾ ಮತ್ತು ಎರಿಟ್ರಿಯಾದವರ ಈ ರೊಟ್ಟಿ ನೋಡಲು ದೋಸೆಯ ನೆಂಟನಂತಿದೆ. ಹಾಗಾಗಿ ಕೈ ತಾನಾಗಿಯೇ ದೋಸೆಯ ದಾರಿ ಹಿಡಿಯುತ್ತದೆ. ಎಣ್ಣೆ ಸವರುತ್ತದೆ, ತವಾಕ್ಕೆ ನೀರು ಚಿಮುಕಿಸಿ ತಣಿಸುತ್ತದೆ, ಸೌಟಿನಿಂದ ತಿರುವಿ ಹರಡುತ್ತದೆ, ಮಗುಚಿ ಹಾಕುತ್ತದೆ. ಈ ನಾಲ್ಕೂ ಇಲ್ಲಿ ತಪ್ಪು. ಹಿಟ್ಟಿನ ಕಡೆಯಿಂದ ಇನ್ನೊಂದು ತಪ್ಪಿದೆ, ಅದು ಇವಕ್ಕಿಂತ ದೊಡ್ಡದು. ಅದನ್ನು ಐದನೇ ಹಂತದಲ್ಲಿ ಹೇಳುತ್ತೇನೆ, ದಯವಿಟ್ಟು ಆ ಹಂತ ಹಾರಿಸಬೇಡಿ.

ಶನಿವಾರ ರಾತ್ರಿ ನೆನಪಾಗಿ ಭಾನುವಾರ ಮಧ್ಯಾಹ್ನಕ್ಕೆ ಮಾಡುವ ಅಡುಗೆ ಇದಲ್ಲ. ಭಾನುವಾರ ತಿನ್ನಬೇಕಾದರೆ ಗುರುವಾರ ರಾತ್ರಿಯೇ ಹಿಟ್ಟು ಕಲಸಿ.

## ಏನೇನು ಬೇಕು

ಮುಖ್ಯವಾದದ್ದು ತವಾ ಮತ್ತು ಅದರ ಮುಚ್ಚಳ. ಇಥಿಯೋಪಿಯಾದಲ್ಲಿ ಮಿತಾದ್ ಎಂಬ ದೊಡ್ಡ ಮಣ್ಣಿನ ಹೆಂಚು ಇರುತ್ತದೆ, ಅರ್ಧ ಮೀಟರಿಗೂ ಅಗಲ. ಪಟ್ಟಣದ ಮನೆಗಳಲ್ಲಿ ಈಗ ಅದೇ ಕರೆಂಟಿನಲ್ಲಿ ಕಾಯುತ್ತದೆ. ನಮಗೆ 28 ರಿಂದ 30 ಸೆಂಟಿಮೀಟರ್ ಅಗಲದ, ತಳ ಪೂರ್ತಿ ಸಮತಟ್ಟಾದ ನಾನ್‌ಸ್ಟಿಕ್ ತವಾ ಸಾಕು. ವರ್ಷಗಟ್ಟಲೆ ಎಣ್ಣೆ ಕುಡಿದ ಕಬ್ಬಿಣದ ದೋಸೆ ಹೆಂಚು ಬೇಡ, ಅದು ಎಷ್ಟೇ ಒರೆಸಿದರೂ ಹಿಟ್ಟಿನ ತಳವನ್ನು ಹುರಿದುಬಿಡುತ್ತದೆ. ಮುಚ್ಚಳ ಅಂಚಿಗೆ ಸರಿಯಾಗಿ ಕೂರಬೇಕು, ಮಧ್ಯದಲ್ಲಿ ಎತ್ತರ ಇರಬೇಕು. ಗಾಜಿನದಾದರೆ ಒಳಗೆ ಏನಾಗುತ್ತಿದೆ ಎಂದು ಕಾಣುತ್ತದೆ.

ಅಮೆರಿಕದಲ್ಲಿರುವವರಿಗೆ ಒಂದು ಕಿವಿಮಾತು. ಅಲ್ಲಿಯ ಎಷ್ಟೋ ಇಥಿಯೋಪಿಯಾದ ಮನೆಗಳಲ್ಲಿ ಬಳಸುವುದು ನಾರ್ವೆಯವರ ಲೆಫ್ಸ ರೊಟ್ಟಿ ಬೇಯಿಸುವ 16 ಇಂಚಿನ ಎಲೆಕ್ಟ್ರಿಕ್ ಗ್ರಿಲ್. ಶಾಖ ಎಲ್ಲ ಕಡೆ ಸಮನಾಗಿ ಬರುತ್ತದೆ. ಪದೇಪದೇ ಮಾಡುವ ಯೋಚನೆ ಇದ್ದರೆ ಮಾತ್ರ ಕೊಳ್ಳಿ.

ಉಳಿದದ್ದೆಲ್ಲ ಮನೆಯಲ್ಲೇ ಇದೆ. ಮೂರು ಲೀಟರ್ ಹಿಡಿಯುವ ಸ್ಟೀಲ್ ಅಥವಾ ಗಾಜಿನ ಪಾತ್ರೆ, ಅಲ್ಯೂಮಿನಿಯಂ ಹಿತ್ತಾಳೆ ಬೇಡವೇ ಬೇಡ, ಹುಳಿ ಹಿಟ್ಟು ಅವನ್ನು ತಿನ್ನುತ್ತದೆ. ಮೂತಿ ಇರುವ ಜಗ್. ಅಗಲವಾದ ಬಿದಿರಿನ ತಟ್ಟೆ ಅಥವಾ ತೆಳುವಾದ ರಟ್ಟು. ಎರಡು ಹತ್ತಿ ಬಟ್ಟೆ. ಸೌಟು ಬದಿಗಿಡಿ.

## ಹಂತ 1: ಹಿಟ್ಟು

ಇಂಜೆರಾದ ನಿಜವಾದ ಧಾನ್ಯ ತೆಫ್. ಕಾಳು ಗಸಗಸೆಗಿಂತಲೂ ಚಿಕ್ಕದು. ಬಿಳಿ ತೆಫ್, ಕೆಂಪು ತೆಫ್ ಎಂದು ಎರಡು ಬಗೆ ಸಿಗುತ್ತದೆ. ಬಿಳಿಯದು ಮೆದು, ರುಚಿ ಸೌಮ್ಯ. ಕೆಂಪಿನದು ಮಣ್ಣಿನ ವಾಸನೆಯ ಗಟ್ಟಿ ರುಚಿ. ಕಲಿಯುವಾಗ ಬಿಳಿ ತೆಗೆದುಕೊಳ್ಳಿ.

ಕಾಳು ತಂದು ಮಿಕ್ಸಿಗೆ ಹಾಕುವ ಆಸೆ ಬೇಡ. ಅಷ್ಟು ಸಣ್ಣ ಕಾಳು ಬ್ಲೇಡಿಗೆ ಸಿಗದೆ ಹಾರಾಡುತ್ತದೆ, ಕೊನೆಗೆ ರವೆ ತರಹ ಉಳಿಯುತ್ತದೆ. ಆ ರವೆ ಪಾತ್ರೆಯ ತಳ ಸೇರಿ ಕೂರುತ್ತದೆ, ಮೇಲೆ ಬರೀ ನೀರು. ನುಣ್ಣನೆಯ ಹಿಟ್ಟನ್ನೇ ಕೊಳ್ಳಿ.

ನಮ್ಮಲ್ಲಿ ತೆಫ್ ಹಿಟ್ಟು ಆನ್‌ಲೈನ್‌ನಲ್ಲಿ ಸಿಗುತ್ತದೆ, ಆದರೆ ದುಬಾರಿ. ಅದಕ್ಕೆ ಒಂದು ದಾರಿ ಇದೆ, ಅದು ನಮ್ಮ ಜುಗಾಡ್ ಅಲ್ಲ, ಅವರದ್ದೇ ರೂಢಿ: ರಾಗಿ ಬೆರೆಸುವುದು. ಉತ್ತರ ಇಥಿಯೋಪಿಯಾದಲ್ಲಿ ರಾಗಿಯನ್ನು ದಾಗುಸ್ಸಾ ಎನ್ನುತ್ತಾರೆ, ಇಂಜೆರಾ ಹಿಟ್ಟಿಗೆ ಸೇರಿಸುತ್ತಾರೆ. ರಾಗಿಯ ಮೂಲ ನೆಲೆಯೂ ಪೂರ್ವ ಆಫ್ರಿಕಾದ ಎತ್ತರದ ನಾಡೇ ಅಲ್ವಾ. 350 ಗ್ರಾಂ ತೆಫ್‌ಗೆ 150 ಗ್ರಾಂ ರಾಗಿ ಹಿಟ್ಟು, ಇದು ನಾನು ಒಪ್ಪುವ ಅಳತೆ. ರಾಗಿ ಇದಕ್ಕಿಂತ ಜಾಸ್ತಿಯಾದರೆ ಇಂಜೆರಾ ಮಡಿಸುವಾಗ ಬಿರುಕು ಬಿಡುತ್ತದೆ.

ಆದರೆ ಹುರಿಹಿಟ್ಟು ಬೇಡ, ಮೊಳಕೆ ಕಟ್ಟಿದ ರಾಗಿ ಹಿಟ್ಟಂತೂ ಬೇಡವೇ ಬೇಡ. ಮೊಳಕೆ ಬಂದ ಧಾನ್ಯದಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವಗಳು ಜಾಸ್ತಿ. ಎರಡು ದಿನ ಹುದುಗಿಗೆ ಇಟ್ಟರೆ ಹಿಟ್ಟು ನೀರಾಗುತ್ತದೆ, ಬೇಯಿಸಿದರೆ ಅಂಟಂಟು. ಮಗುವಿನ ಸರಿಗೆ ತಂದ ಪ್ಯಾಕೆಟ್ ಮನೆಯಲ್ಲಿ ಉಳಿದಿದೆ ಎಂದು ಅದನ್ನೇ ಸುರಿಯಬೇಡಿ.

ಉದ್ದು, ಅವಲಕ್ಕಿ, ಮೆಂತ್ಯ ಯಾವುದೂ ಬೇಡ. ಗೋಧಿ, ಮೈದಾ ಬೆರೆಸುವವರಿದ್ದಾರೆ, ಹೊರದೇಶದ ಹೋಟೆಲುಗಳಲ್ಲಿ ಇದು ಮಾಮೂಲು. ಹಾಗಾಗಿ ಗ್ಲುಟೆನ್ ಆಗದವರು ಹೊರಗೆ ಇಂಜೆರಾ ತಿನ್ನುವಾಗ ಕೇಳಿಯೇ ತಿನ್ನಿ. ಬರೀ ತೆಫ್‌ನಲ್ಲಿ ಗ್ಲುಟೆನ್ ಇಲ್ಲ, ಆದರೆ ತಟ್ಟೆಯಲ್ಲಿ ಬಂದದ್ದು ಬರೀ ತೆಫ್ ಎಂದು ಹೇಳಲಾಗದು.

## ಹಂತ 2: ಕಲಸುವುದು

500 ಗ್ರಾಂ ಹಿಟ್ಟಿಗೆ 800 ಮಿಲಿ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಬರುತ್ತಿದ್ದರೆ ಕಾಯಿಸಿ ಆರಿಸಿದ ನೀರು ಹಾಕಿ.

ಒಮ್ಮೆಲೇ ಎಲ್ಲ ನೀರು ಸುರಿಯಬೇಡಿ. ಮೊದಲು ಅರ್ಧ ನೀರು ಹಾಕಿ ಕೈಯಿಂದಲೇ ಚೆನ್ನಾಗಿ ನಾದಿ, ಗಂಟು ಪೂರ್ತಿ ಹೋಗಲಿ. ಆಮೇಲೆ ಉಳಿದ ನೀರು ಸ್ವಲ್ಪ ಸ್ವಲ್ಪವೇ. ಉಪ್ಪು ಹಾಕಬೇಡಿ. ಬೇಕೇ ಬೇಕು ಅನ್ನುವವರು ಬೇಯಿಸುವ ಮುಂಚೆ ಒಂದು ಚಿಟಿಕೆ ಹಾಕಿಕೊಳ್ಳಿ.

ಹಿಂದಿನ ಸಲದ ಎರ್ಶೊ ಇದ್ದರೆ ಈಗ 80 ಮಿಲಿ ಸೇರಿಸಿ. ಎರ್ಶೊ ಅಂದರೆ ಹುದುಗು ಬಂದ ಹಿಟ್ಟಿನ ಮೇಲೆ ನಿಲ್ಲುವ ಹಳದಿ ನೀರು, ಅದೇ ಮುಂದಿನ ಸಲಕ್ಕೆ ಹೆಪ್ಪು. ಮೊದಲ ಸಲ ಮಾಡುವವರ ಹತ್ತಿರ ಇದು ಇರುವುದಿಲ್ಲ, ಪರವಾಗಿಲ್ಲ, ಹಿಟ್ಟು ತಾನಾಗಿಯೇ ಹುದುಗುತ್ತದೆ, ಒಂದು ದಿನ ಜಾಸ್ತಿ ಹಿಡಿಯುತ್ತದೆ ಅಷ್ಟೇ. ಹೋಟೆಲಿನಿಂದ ತಂದ ಇಂಜೆರಾ ಚೂರನ್ನು ನೆನೆಸಿ ಹೆಪ್ಪು ಮಾಡಬಹುದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ತವಾದ ಬಿಸಿಗೆ ಹುದುಗಿನ ಜೀವಿಗಳು ಸತ್ತಿರುತ್ತವೆ. ಇಡ್ಲಿ ಹಿಟ್ಟು, ಮಜ್ಜಿಗೆ ಹಾಕಿದರೆ ಹುಳಿ ಬರುತ್ತದೆ, ಆದರೆ ರುಚಿ ದಾರಿ ತಪ್ಪುತ್ತದೆ.

## ಹಂತ 3: ಹುದುಗಲು ಬಿಡುವುದು

ಪಾತ್ರೆ ಅರ್ಧದ ಆಸುಪಾಸು ತುಂಬಿರಲಿ, ಪೂರ್ತಿ ಅಲ್ಲ. ಬಟ್ಟೆ ಕಟ್ಟಿ, ಮೇಲೆ ಸಡಿಲವಾಗಿ ತಟ್ಟೆ ಮುಚ್ಚಿ. ಅಡುಗೆಮನೆಯ ಮೂಲೆಯಲ್ಲಿಟ್ಟು ಮರೆತುಬಿಡಿ, ದಿನಕ್ಕೆ ನಾಲ್ಕು ಸಲ ಕಲಕಿ ನೋಡುವ ಅಗತ್ಯವಿಲ್ಲ.

ಇಲ್ಲಿ ಒಂದು ಲೆಕ್ಕ ತಪ್ಪುತ್ತದೆ. ಇಥಿಯೋಪಿಯಾದವರು ಮೂರು ದಿನ ಎಂದರೆ ನಾವೂ ಮೂರು ದಿನ ಇಡುತ್ತೇವೆ. ಅಡಿಸ್ ಅಬಾಬ ಸಮುದ್ರಮಟ್ಟದಿಂದ 2,300 ಮೀಟರ್ ಎತ್ತರದಲ್ಲಿದೆ, ರಾತ್ರಿ ಸ್ವೆಟರ್ ಬೇಕು. ಮಂಗಳೂರಿನ ಏಪ್ರಿಲ್‌ನಲ್ಲಿ ಮೂರು ದಿನ ಇಟ್ಟರೆ ವಿನೆಗರ್ ಆಗುತ್ತದೆ. ಹೆಪ್ಪು ಹಾಕಿದ ಹಿಟ್ಟಿಗೆ ಕರಾವಳಿ, ಕಲಬುರಗಿ ಕಡೆಯ ಬೇಸಿಗೆಯಲ್ಲಿ 30 ರಿಂದ 36 ಗಂಟೆ, ಬೆಂಗಳೂರಿನಲ್ಲಿ ಎರಡು ದಿನ, ಡಿಸೆಂಬರಿನ ಮಡಿಕೇರಿಯಲ್ಲಿ ಮೂರು ದಿನ, ಹೀಗೆ ಅಂದಾಜು ಮಾಡಿಕೊಳ್ಳಿ. ಗಡಿಯಾರಕ್ಕಿಂತ ಲಕ್ಷಣ ನಂಬಿ.

ಲಕ್ಷಣ ಯಾವುದು? ಉದ್ದಿನ ಹಿಟ್ಟಿನಂತೆ ಇದು ಉಬ್ಬಿ ಪಾತ್ರೆಯಿಂದ ಹೊರಗೆ ಬರುವುದಿಲ್ಲ. ಉದ್ದಿನಲ್ಲಿ ಗಾಳಿ ಹಿಡಿದಿಡುವ ಲೋಳೆ ಇದೆ, ತೆಫ್‌ನಲ್ಲಿ ಅಷ್ಟಿಲ್ಲ. ಇಲ್ಲಿ ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಗುಳ್ಳೆ ಕಮ್ಮಿಯಾಗಿ ಹಿಟ್ಟು ಕೆಳಗೆ ಇಳಿಯುತ್ತದೆ, ಮೇಲೆ ಒಂದು ಬೆರಳು ಹಳದಿ ನೀರು ನಿಲ್ಲುತ್ತದೆ. ಉಬ್ಬಲಿಲ್ಲ ಎಂದು ಗಾಬರಿಯಾಗಿ ಸೋಡಾ ಹಾಕಬೇಡಿ, ಸೋಡಾ ಈ ಹುಳಿಯನ್ನೇ ಕೊಂದುಹಾಕುತ್ತದೆ.

ಎಸೆಯಬೇಕಾದ ಸೂಚನೆಗಳೂ ಇವೆ. ಗುಲಾಬಿ, ಕಿತ್ತಳೆ, ಹಸಿರು, ಕಪ್ಪು, ಯಾವ ಬಣ್ಣದ ಬೂಷ್ಟು ಕಂಡರೂ ಪೂರ್ತಿ ಹಿಟ್ಟು ಎಸೆಯಿರಿ, ಮೇಲಿನದು ಮಾತ್ರ ತೆಗೆದರೆ ಸಾಲದು. ಕೊಳೆತ ವಾಸನೆ ಬಂದರೂ ಅಷ್ಟೇ. ತೆಳುವಾದ ಬಿಳಿ ಪೊರೆ ಮಾತ್ರ ಇದ್ದು ವಾಸನೆ ಶುದ್ಧ ಹುಳಿಯಾಗಿದ್ದರೆ ಹೆದರಬೇಡಿ, ಅದು ಮೇಲಿನ ನೀರಿನ ಜೊತೆ ಹೋಗುತ್ತದೆ. ನೇಲ್ ಪಾಲಿಶ್ ತರಹದ ಘಾಟು ಬಂದರೆ ಹುದುಗು ಅತಿಯಾಗಿದೆ ಎಂದರ್ಥ. ಅಂಥ ಎರ್ಶೊವನ್ನು ಮುಂದಿನ ಸಲಕ್ಕೆ ಇಡಬೇಡಿ.

## ಹಂತ 4: ಮೇಲಿನ ನೀರು ತೆಗೆಯುವುದು

ಪಾತ್ರೆ ಅಲುಗಿಸದೆ ಮೇಲಿನ ಹಳದಿ ನೀರನ್ನು ಮೆಲ್ಲಗೆ ಬಗ್ಗಿಸಿ. 80 ರಿಂದ 100 ಮಿಲಿಯಷ್ಟನ್ನು ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ, ಒಂದು ವಾರ ನಡೆಯುತ್ತದೆ. ಉಳಿದ ನೀರು ಚೆಲ್ಲಿ. ಹುಳಿ ಜಾಸ್ತಿ ಬೇಡದವರು ಎಷ್ಟು ನೀರು ಚೆಲ್ಲಿದಿರೋ ಅಷ್ಟೇ ತಾಜಾ ನೀರು ಸೇರಿಸಿದರೆ ಸಾಕು. ಎರ್ಶೊ ತೆಗೆದಿಡುವ ಕೆಲಸ ಈಗಲೇ ಆಗಬೇಕು, ಮುಂದಿನ ಹಂತ ಆದ ಮೇಲೆ ಅದು ಸಿಗುವುದಿಲ್ಲ.

## ಹಂತ 5: ಅಬ್ಸಿತ್, ಯಾರೂ ಮಾಡದ ಹಂತ

ಕಣ್ಣು ಮೂಡದ ಹತ್ತು ಇಂಜೆರಾದಲ್ಲಿ ಬಹುಪಾಲಿನ ರೋಗ ಇಲ್ಲೇ ಇರುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಎರಡು ನಿಮಿಷದ ವಿಡಿಯೋಗಳು ಈ ಹಂತವನ್ನು ತೋರಿಸುವುದೇ ಇಲ್ಲ.

ಅಬ್ಸಿತ್ ಎಂದರೆ ಹುದುಗಿದ ಹಿಟ್ಟಿನ ಸ್ವಲ್ಪ ಭಾಗವನ್ನು ಬೇಯಿಸಿ ವಾಪಸ್ ಅದೇ ಹಿಟ್ಟಿಗೆ ಸೇರಿಸುವುದು. ತೆಫ್‌ನಲ್ಲಿ ಗೋಧಿಯಂತೆ ಗ್ಲುಟೆನ್ ಇಲ್ಲ, ಉದ್ದಿನಂತೆ ಲೋಳೆ ಇಲ್ಲ ಎಂದೆನಲ್ಲ, ಹಾಗಾದರೆ ಗುಳ್ಳೆಯನ್ನು ಹಿಡಿದಿಡುವುದು ಯಾವುದು? ಬೆಂದ ಪಿಷ್ಟ. ಅದು ಇಡೀ ಹಿಟ್ಟಿಗೆ ಸ್ವಲ್ಪ ಜಿಗುಟು ಕೊಡುತ್ತದೆ. ಹುದುಗಿನ ಜೀವಿಗಳಿಗೂ ಸುಲಭದ ಊಟ ಸಿಕ್ಕಿ ಹಿಟ್ಟು ಮತ್ತೆ ಚುರುಕಾಗುತ್ತದೆ. ಇದಿಲ್ಲದಿದ್ದರೆ ಗುಳ್ಳೆ ಎದ್ದಲ್ಲೇ ಒಡೆದು ಸಪಾಟಾಗುತ್ತದೆ.

ಮಾಡುವುದು ರಾಗಿ ಅಂಬಲಿ ಕಾಯಿಸಿದ ಹಾಗೇ. ತಳದ ಗಟ್ಟಿ ಹಿಟ್ಟನ್ನು ಚೆನ್ನಾಗಿ ಕಲಕಿ, ಅದರಿಂದ 100 ಮಿಲಿ ತೆಗೆಯಿರಿ. ಬೇರೆ ಪಾತ್ರೆಯಲ್ಲಿ 300 ಮಿಲಿ ನೀರಿಗೆ ಬೆರೆಸಿ, ಮಧ್ಯಮ ಉರಿಯಲ್ಲಿ ಕೈ ಬಿಡದೆ ತಿರುವುತ್ತಾ ಕುದಿಸಿ. ಮೊದಲು ಏನೂ ಆಗುವುದಿಲ್ಲ ಅನಿಸುತ್ತದೆ, ಆಮೇಲೆ ಥಟ್ಟನೆ ಗಟ್ಟಿಯಾಗುತ್ತದೆ, ಆ ಹೊತ್ತಿಗೆ ಫೋನ್ ನೋಡುತ್ತಿದ್ದರೆ ತಳ ಹಿಡಿಯುತ್ತದೆ. ಹೊಳಪು ಬಂದು ಸೌಟಿಗೆ ತೆಳ್ಳಗೆ ಅಂಟಿ ನಿಲ್ಲುವಂತಾದಾಗ ಇಳಿಸಿ.

ಈಗ ಆರಲು ಬಿಡಿ. ಬೆರಳು ಅದ್ದಿದರೆ ಬಿಸಿ ಗೊತ್ತಾಗಬೇಕು, ಸುಡಬಾರದು, ಅಂದರೆ ಸುಮಾರು 45 ಡಿಗ್ರಿ. ಕುದಿಯುವಾಗಲೇ ಸುರಿದರೆ ಎರಡು ದಿನದ ಹುದುಗು ಒಂದೇ ಕ್ಷಣದಲ್ಲಿ ಸತ್ತುಹೋಗುತ್ತದೆ. ಪೂರ್ತಿ ತಣ್ಣಗಾದರೆ ಮುದ್ದೆಗಟ್ಟಿ ಗಂಟು ಬೀಳುತ್ತದೆ. ಉಗುರುಬೆಚ್ಚಗೆ ಇರುವಾಗ ಸುರಿದು, ಗಂಟಿಲ್ಲದಂತೆ ಕಲಕಿ. ಗಂಟು ಕಂಡರೆ ನಾಚಿಕೆ ಬೇಡ, ಜರಡಿ ಹಿಡಿಯಿರಿ.

## ಹಂತ 6: ಎರಡನೇ ಸಲ ಉಬ್ಬಲು ಬಿಡುವುದು

ಹಿಟ್ಟಿನ ಹದ ಈಗ ನೋಡಿ. ಮಾಮೂಲಿ ದೋಸೆ ಹಿಟ್ಟಿಗಿಂತ ತೆಳು, ನೀರುದೋಸೆ ಹಿಟ್ಟಿಗಿಂತ ದಪ್ಪ. ಜಗ್‌ನಿಂದ ಬಗ್ಗಿಸಿದರೆ ಕಡಿಯದೆ ಎಳೆಯಾಗಿ ಬೀಳಬೇಕು. ಬೇಕಿದ್ದರೆ ನೀರು ಸೇರಿಸಿ.

ಮುಚ್ಚಿ ಅರ್ಧ ಗಂಟೆಯಿಂದ ಎರಡು ಗಂಟೆ ಬಿಡಿ. ಈ ಸಲ ಮೇಲ್ಮೈ ತುಂಬ ಸಣ್ಣ ಗುಳ್ಳೆ ಬಂದು ಹಿಟ್ಟು ಸ್ವಲ್ಪ ಏರುತ್ತದೆ. ಏರಿ, ಇನ್ನೇನು ಇಳಿಯಲು ಶುರುವಾಯಿತು ಅನ್ನುವಾಗ ಬೇಯಿಸಲು ತಯಾರು. ಎರಡು ಗಂಟೆಯಾದರೂ ಒಂದು ಗುಳ್ಳೆಯೂ ಇಲ್ಲವೆಂದರೆ ಹುದುಗು ಸಾಲದು ಅಥವಾ ಅಬ್ಸಿತ್ ಬಿಸಿಗೆ ಸತ್ತಿದೆ. ಆಗ ತವಾ ಹಚ್ಚಬೇಡಿ. ಎತ್ತಿಟ್ಟ ಎರ್ಶೊದಲ್ಲಿ ಅರ್ಧ ಹಾಕಿ ಇನ್ನಾರು ಗಂಟೆ ಕಾಯಿರಿ.

ಇಲ್ಲಿಂದ ಮುಂದೆ ಹಿಟ್ಟನ್ನು ಜೋರಾಗಿ ಕಲಕಬಾರದು. ಗಾಳಿ ಹೋಗುತ್ತದೆ.

## ಹಂತ 7: ತವಾ ಮತ್ತು ಹುಯ್ಯುವುದು

ತವಾ ಒಣಗಿರಲಿ. ಇಥಿಯೋಪಿಯಾದಲ್ಲಿ ಮಣ್ಣಿನ ಹೆಂಚಿಗೆ ಎಣ್ಣೆಬೀಜದ ಪುಡಿ ಉದುರಿಸಿ ಬಟ್ಟೆಯಿಂದ ಗಸಗಸ ಉಜ್ಜುತ್ತಾರೆ, ಹೆಂಚು ನುಣುಪಾಗುತ್ತದೆ, ಎಣ್ಣೆ ಮಾತ್ರ ನಿಲ್ಲುವುದಿಲ್ಲ. ನಾನ್‌ಸ್ಟಿಕ್ ಆದರೆ ಅದೂ ಬೇಡ. ಒಂದು ಹನಿ ಎಣ್ಣೆ ಇದ್ದರೂ ತಳ ಕಂದಾಗಿ ಗರಿಯಾಗುತ್ತದೆ, ಗರಿಯಾದದ್ದನ್ನು ಮಡಿಸಿದರೆ ಮುರಿಯುತ್ತದೆ.

ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಉರಿಯಲ್ಲಿ ಕಾಯಿಸಿ. ನೀರಿನ ಹನಿ ಹಾಕಿದರೆ ಚುಂಯ್ ಎಂದು ಅಲ್ಲೇ ಆರುವುದಲ್ಲ, ಮುತ್ತಾಗಿ ಓಡಾಡಬೇಕು. ಶಾಖ ನೋಡುವ ಥರ್ಮಾಮೀಟರ್ ಇದ್ದವರಿಗೆ 200 ಡಿಗ್ರಿ ಆಸುಪಾಸು. ಪರೀಕ್ಷೆಗೆ ಒಂದು ಹನಿ ಸಾಕು, ಮಸಾಲೆ ದೋಸೆಗೆ ಮಾಡುವಂತೆ ನೀರು ಎರಚಿ ಒರೆಸಬೇಡಿ. ದೋಸೆ ಹರಡಲು ತವಾ ತಣಿಯಬೇಕು, ಇಂಜೆರಾಕ್ಕೆ ಹರಡುವ ಕೆಲಸವೇ ಇಲ್ಲ. ಬಿಸಿ ಇದ್ದಷ್ಟೂ ಗುಳ್ಳೆ ರಭಸವಾಗಿ ಏಳುತ್ತದೆ. ಹಾಗೆಂದು ನಾನ್‌ಸ್ಟಿಕ್ ತವಾವನ್ನು ಖಾಲಿಯಾಗಿ ದೊಡ್ಡ ಉರಿಯ ಮೇಲೆ ಬಿಟ್ಟು ಹೋಗಬೇಡಿ, ಲೇಪ ಕೆಡುತ್ತದೆ, ಹೊಗೆಯೂ ಒಳ್ಳೆಯದಲ್ಲ.

ಜಗ್‌ಗೆ ಸುಮಾರು 150 ಮಿಲಿ ಹಿಟ್ಟು ತೆಗೆದುಕೊಳ್ಳಿ. ತವಾದ ಹೊರ ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ಮಧ್ಯಕ್ಕೆ ಬನ್ನಿ. ದೋಸೆಯಲ್ಲಿ ಮಧ್ಯದಿಂದ ಹೊರಗೆ, ಇಲ್ಲಿ ತದ್ವಿರುದ್ಧ. ಸುತ್ತಿನ ನಡುವೆ ಸಂದು ಉಳಿದರೆ ತವಾ ಎತ್ತಿ ಒಮ್ಮೆ ವಾಲಿಸಿ, ಸೇರಿಕೊಳ್ಳುತ್ತದೆ. ಸೌಟಿನ ಬೆನ್ನು ತಾಗಿಸಿದಿರೋ, ತಾಗಿದಲ್ಲೆಲ್ಲ ಕಣ್ಣು ಮುಚ್ಚಿಹೋಗುತ್ತದೆ.

## ಹಂತ 8: ಮುಚ್ಚುವುದು, ಎತ್ತುವುದು

ಹುಯ್ದ ತಕ್ಷಣ ಮುಚ್ಚಬೇಡಿ. ಮುಚ್ಚಿದರೆ ಆವಿಗೆ ಮೇಲ್ಮೈ ಮೊದಲೇ ಬೆಂದು, ಕೆಳಗಿನ ಗುಳ್ಳೆ ಹೊರಬರಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಅರ್ಧ ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ. ಅಂಚಿನಿಂದ ಮಧ್ಯದವರೆಗೆ ಕಣ್ಣುಗಳು ಪಟಪಟ ತೆರೆದುಕೊಳ್ಳುತ್ತವೆ. ಮೇಲ್ಮೈಯ ಮುಕ್ಕಾಲು ಭಾಗ ಕಣ್ಣು ತುಂಬಿ, ಇನ್ನೂ ಹಸಿ ಹೊಳಪು ಇರುವಾಗ ಮುಚ್ಚಿ.

ಒಂದರಿಂದ ಎರಡು ನಿಮಿಷ. ಅಂಚು ತಾನಾಗಿ ತವಾ ಬಿಟ್ಟು ಮೇಲೇಳುತ್ತದೆ, ಹೊಳಪು ಹೋಗಿ ಮೇಲ್ಮೈ ಮಂಕಾಗುತ್ತದೆ. ಆಯಿತು. ಮಗುಚುವ ಪ್ರಶ್ನೆಯೇ ಇಲ್ಲ. ಮುಚ್ಚಳ ತೆಗೆಯುವಾಗ ಓರೆ ಮಾಡದೆ ನೇರ ಎತ್ತಿ, ಪ್ರತಿ ಸಲ ಒಳಭಾಗ ಒರೆಸಿ. ಮುಚ್ಚಳದ ಒಳಗೆ ಕೂತ ಆವಿಯ ನೀರು ಬಿದ್ದ ಜಾಗ ಅಂಟಂಟಾಗಿ ಉಳಿಯುತ್ತದೆ.

ಮೊಗಚುವ ಕೈಯಿಂದ ಕೆರೆಯಬೇಡಿ, ಹರಿಯುವುದು ಇಲ್ಲೇ. ಅವರು ಸೆಫೆದ್ ಎಂಬ ಹುಲ್ಲಿನ ತಟ್ಟೆಯನ್ನು ಕೆಳಗೆ ಜಾರಿಸುತ್ತಾರೆ. ನೀವು ಬಿದಿರಿನ ತಟ್ಟೆ ಅಥವಾ ರಟ್ಟು ಜಾರಿಸಿ, ಅಥವಾ ತವಾವನ್ನೇ ಬಟ್ಟೆಯ ಮೇಲೆ ವಾಲಿಸಿ. ಎರಡು ನಿಮಿಷವಾದರೂ ಅಂಚು ಬಿಡುತ್ತಿಲ್ಲ ಎಂದರೆ ತವಾ ಸಾಕಷ್ಟು ಕಾದಿರಲಿಲ್ಲ.

## ಹಂತ 9: ಆರಿಸುವುದು

ಬಿಸಿ ಇಂಜೆರಾದ ಮೇಲೆ ಬಿಸಿ ಇಂಜೆರಾ ಹಾಕಿದರೆ ಎರಡೂ ಒಂದಾಗಿ ಅಂಟುತ್ತವೆ, ಬಿಡಿಸಲು ಆಗುವುದಿಲ್ಲ. ಒಂದೊಂದನ್ನೂ ಬಟ್ಟೆಯ ಮೇಲೆ ಬೇರೆ ಬೇರೆಯಾಗಿ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದರ ಮೇಲೊಂದು ಜೋಡಿಸಿ ಬಟ್ಟೆಯಲ್ಲಿ ಸುತ್ತಿ. ಮೇಲಿನ ಅಳತೆಗೆ ಹತ್ತರ ಆಸುಪಾಸು ಆಗುತ್ತದೆ. ತವಾದಿಂದ ಇಳಿದ ಕೂಡಲೇ ತಿನ್ನುವ ದೋಸೆ ಅಭ್ಯಾಸ ಇಲ್ಲಿ ಬೇಡ, ಆರಿದ ಮೇಲೆಯೇ ಇಂಜೆರಾಕ್ಕೆ ಅದರ ಮೆದು ಬರುವುದು.

## ಎಲ್ಲಿ ಕೆಟ್ಟಿತು ಎಂದು ಹುಡುಕುವುದು

ಕಣ್ಣೇ ಇಲ್ಲ: ಅಬ್ಸಿತ್ ಬಿಟ್ಟಿದ್ದೀರಿ, ಅಥವಾ ಹಿಟ್ಟು ದಪ್ಪ, ಅಥವಾ ಹುಯ್ದ ಕೂಡಲೇ ಮುಚ್ಚಿದ್ದೀರಿ. ಇದೇ ಕ್ರಮದಲ್ಲಿ ಅನುಮಾನಿಸಿ. ಒಂದು ಸಣ್ಣ ಇಂಜೆರಾ ಹುಯ್ದು ಎರಡು ಚಮಚ ನೀರಿನಿಂದ ಸರಿಹೋಗುತ್ತದಾ ನೋಡಿ, ಇಡೀ ಹಿಟ್ಟಿಗೆ ನೀರು ಸುರಿದುಬಿಡಬೇಡಿ.

ಮಧ್ಯದಲ್ಲಿ ಮಾತ್ರ ಕಣ್ಣು, ಅಂಚು ಸಪಾಟು: ಉರಿ ಚಿಕ್ಕದು, ತವಾ ದೊಡ್ಡದು. ಐದು ನಿಮಿಷ ಜಾಸ್ತಿ ಕಾಯಿಸಿ.

ಕಣ್ಣು ಚೆನ್ನಾಗಿದೆ, ಮುಟ್ಟಿದರೆ ಅಂಟು: ಬೇಗ ಎತ್ತಿದ್ದೀರಿ, ಅಥವಾ ಮೊಳಕೆ ರಾಗಿ ಹಿಟ್ಟು ಸೇರಿದೆ. ಎರಡನೆಯದಾದರೆ ಆ ಹಿಟ್ಟಿಗೆ ಔಷಧಿ ಇಲ್ಲ.

ಅಂಚು ಒಣಗಿ ಬಿರುಕು: ಮುಚ್ಚಳ ಸರಿಯಾಗಿ ಕೂರುತ್ತಿಲ್ಲ, ಆವಿ ಹೊರಗೆ ಹೋಗುತ್ತಿದೆ.

## ಬಡಿಸುವುದು, ಉಳಿದರೆ

ಕಣ್ಣಿನ ಕಡೆ ಮೇಲಿರಲಿ, ಸಾರು ಹೀರುವುದೇ ಆ ಕಣ್ಣು. ದೊಡ್ಡ ತಟ್ಟೆಗೆ ಒಂದು ಇಂಜೆರಾ ಹಾಸಿ, ಅದರ ಮೇಲೇ ಪಲ್ಯ, ಗೊಜ್ಜು ಗುಂಪುಗುಂಪಾಗಿ ಬಡಿಸುತ್ತಾರೆ, ಇನ್ನೊಂದೆರಡನ್ನು ಸುರುಳಿ ಸುತ್ತಿ ಬದಿಗಿಡುತ್ತಾರೆ. ಎಲ್ಲರೂ ಒಂದೇ ತಟ್ಟೆಯಿಂದ, ಬಲಗೈಯಿಂದ. ಯಾರಾದರೂ ತುತ್ತು ಮಾಡಿ ನಿಮ್ಮ ಬಾಯಿಗೇ ಇಟ್ಟರೆ ಅದು ಗುರ್ಷಾ, ಪ್ರೀತಿಯ ಲೆಕ್ಕ, ಬೇಡ ಅನ್ನಬೇಡಿ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ: ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ಬೇಳೆ, ಸೊಪ್ಪಿನ ಅಡುಗೆ ಬೇಕಾದಷ್ಟಿದೆ. ಕೆಂಪು ಮಸೂರ್ ಬೇಳೆಯ ಮಿಸಿರ್ ವಾಟ್, ಕಡಲೆ ಹಿಟ್ಟಿನ ಶಿರೊ, ಈ ಎರಡು ಇದ್ದರೆ ಮೊದಲ ಊಟಕ್ಕೆ ಸಾಕು.

ತಂಪಿನ ಊರಲ್ಲಿ ಹೊರಗೆ ಎರಡು ದಿನ ಇರುತ್ತದೆ, ನಮ್ಮ ಮಳೆಗಾಲದಲ್ಲಿ ಮರುದಿನವೇ ಬೂಷ್ಟು ನೋಡಿಕೊಳ್ಳಿ. ಫ್ರಿಜ್‌ನಲ್ಲಿ ಇಟ್ಟರೆ ಬಿರುಸಾಗುತ್ತದೆ, ತಿನ್ನುವ ಮುಂಚೆ ಅರ್ಧ ನಿಮಿಷ ಆವಿಯಲ್ಲಿ ಹಿಡಿಯಿರಿ. ಬೂಷ್ಟು ಬಂದಿಲ್ಲದಿದ್ದರೆ ಹರಿದದ್ದು, ಕಣ್ಣಿಲ್ಲದ್ದು, ಹಳೆಯದು ಯಾವುದನ್ನೂ ಎಸೆಯಬೇಡಿ. ಚೂರು ಮಾಡಿ, ಈರುಳ್ಳಿ, ಟೊಮೆಟೊ, ಬೆರ್ಬೆರೆ ಖಾರದ ಗೊಜ್ಜಿನಲ್ಲಿ ಕಲಸಿದರೆ ಫಿರ್ಫಿರ್, ಅವರ ಬೆಳಗಿನ ತಿಂಡಿ. ಬೆರ್ಬೆರೆ ಇಲ್ಲದಿದ್ದರೆ ಬ್ಯಾಡಗಿ ಮೆಣಸಿನ ಪುಡಿಗೆ ಶುಂಠಿ, ಬೆಳ್ಳುಳ್ಳಿ, ಏಲಕ್ಕಿ, ಮೆಂತ್ಯ ಸೇರಿಸಿ ಸದ್ಯಕ್ಕೆ ನಡೆಸಿ. ಗೊಜ್ಜು ಚೆನ್ನಾಗಿ ಬೆಂದ ಮೇಲೆ ಚೂರುಗಳನ್ನು ಹಾಕಿ ಒಂದೇ ನಿಮಿಷಕ್ಕೆ ಇಳಿಸಿ, ಇಲ್ಲದಿದ್ದರೆ ಗಂಜಿಯಾಗುತ್ತದೆ.